ವಾಟರ್ ಗ್ಲಾಸ್ ನೀರಲ್ಲಿ ಕರಗುತ್ತೆ, ನಿಜ. ಹಾಗಂತ ಗೋಡೆಯ ಬಣ್ಣವೂ ಕರಗುತ್ತಾ?

ಪ್ರಶ್ನೆ: ಸಿಲಿಕೇಟ್ ಪೇಂಟಿನಲ್ಲಿ ಬಣ್ಣವನ್ನು ಹಿಡಿದಿಡುವುದು ಪೊಟ್ಯಾಸಿಯಂ ಸಿಲಿಕೇಟ್ ಎಂದು ಬರೆದಿದ್ದೀರಿ. ಅದು ವಾಟರ್ ಗ್ಲಾಸ್ ತಾನೆ? ವಾಟರ್ ಗ್ಲಾಸ್ ನೀರಿನಲ್ಲಿ ಕರಗುತ್ತದೆ. ಅಂದಮೇಲೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ತೊಳೆದು ಹೋಗುವುದಿಲ್ಲವೇ?

ಉತ್ತರ: ಹೋಗುವುದಿಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಮಳೆಗೆ ಮುಂಚೆ ಮನೆಗೆ ಬಣ್ಣ ಹೊಡೆಸೋಣ ಅಂತ ಜನ ಹೊರಡುವ ಮೇ ತಿಂಗಳಲ್ಲಿ ಇದು ತಪ್ಪದೆ ಬರುತ್ತದೆ. ಈ ಸಲ ಸ್ವಲ್ಪ ಉದ್ದಕ್ಕೇ ಬರೆದುಬಿಡುತ್ತೇನೆ. ಮುಂದಿನ ಮೇನಲ್ಲಿ ಇದನ್ನೇ ತೋರಿಸಿದರಾಯಿತು.

ಮೊದಲು ನಿಮ್ಮ ಮಾತಿನಲ್ಲಿ ಸರಿಯಿರುವುದನ್ನು ಒಪ್ಪಿಕೊಳ್ಳುತ್ತೇನೆ. ಶುದ್ಧ ಮರಳನ್ನೂ ಪೊಟ್ಯಾಸಿಯಂ ಕಾರ್ಬೊನೇಟನ್ನೂ ಸೇರಿಸಿ ಸಾವಿರ ಡಿಗ್ರಿಗೂ ಮೇಲೆ ಕಾಯಿಸಿದರೆ ಒಂದು ಬಗೆಯ ಗಾಜು ಸಿಗುತ್ತದೆ. ಅದನ್ನು ಹಬೆಯ ಒತ್ತಡದಲ್ಲಿ ನೀರಿಗೆ ಕರಗಿಸಿದರೆ ತೆಳು ಪಾಕದಂಥ ದ್ರವ ಆಗುತ್ತದೆ. ಅದೇ ವಾಟರ್ ಗ್ಲಾಸ್. ಡಬ್ಬಿಯಲ್ಲಿರುವಷ್ಟು ಹೊತ್ತು ಅದು ನೀರಿನ ಜೊತೆ ಹೊಂದಿಕೊಂಡೇ ಇರುತ್ತದೆ. ಪೇಂಟರ್ ಬ್ರಶ್ ತೊಳೆಯುವುದೂ ಬರೀ ನೀರಲ್ಲೇ.

ಎಡವಟ್ಟಾಗುವುದು ಎಲ್ಲಿ ಅಂದರೆ, ಡಬ್ಬಿಯಲ್ಲಿದ್ದದ್ದೇ ಗೋಡೆಯ ಮೇಲೂ ಇರುತ್ತದೆ ಅಂದುಕೊಳ್ಳುವುದರಲ್ಲಿ. ಹಸಿ ಜೇಡಿಮಣ್ಣನ್ನು ನೀರಿಗೆ ಹಾಕಿದರೆ ಕದಡಿಹೋಗುತ್ತದೆ. ಅದೇ ಮಣ್ಣು ಸುಟ್ಟು ಮಡಕೆಯಾದ ಮೇಲೆ ಬೇಸಿಗೆಯಿಡೀ ಅದರಲ್ಲೇ ನೀರು ತುಂಬಿಡುತ್ತೇವೆ. ಸಿಮೆಂಟನ್ನೂ ನೀರಲ್ಲೇ ಕಲಸುತ್ತೇವೆ, ಆಮೇಲೆ ಅದೇ ಸಿಮೆಂಟಿನ ಸಂಪಿಗೆ ನೀರು ಬಿಡುತ್ತೇವೆ. ಸಂಪು ಕರಗಿಹೋಗಲ್ವಾ ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಪಾಪ, ಸಿಲಿಕೇಟಿನ ಮೇಲೆ ಮಾತ್ರ ಯಾಕೆ ಈ ಅನುಮಾನ?

ಗೋಡೆಯ ಮೇಲೆ ನಡೆಯುವುದು ಇಷ್ಟು. ನೀರು ಒಂದಷ್ಟು ಆರುತ್ತದೆ, ಒಂದಷ್ಟನ್ನು ಗೋಡೆ ಕುಡಿಯುತ್ತದೆ. ಸಿಲಿಕೇಟು ಗಾರೆಯ ಸಣ್ಣ ಸಣ್ಣ ರಂಧ್ರಗಳೊಳಗೆ ಇಳಿಯುತ್ತದೆ. ಅಲ್ಲಿನ ಸುಣ್ಣದ ಜೊತೆ ಸೇರಿ ಕ್ಯಾಲ್ಸಿಯಂ ಸಿಲಿಕೇಟ್ ಆಗುತ್ತದೆ. ಸಿಮೆಂಟಿಗೆ ಗಟ್ಟಿತನ ಕೊಡುವುದೂ ಇದೇ ಜಾತಿಯ ವಸ್ತು, ನೀರಿಗೆ ಜಗ್ಗುವುದಿಲ್ಲ. ಇನ್ನೊಂದು ಕಡೆಯಿಂದ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡು ಪೊಟ್ಯಾಸಿಯಮ್ಮನ್ನು ಬೇರ್ಪಡಿಸಿ ಪೊಟ್ಯಾಸಿಯಂ ಕಾರ್ಬೊನೇಟ್ ಮಾಡುತ್ತದೆ. ಉಳಿದ ಸಿಲಿಕಾ ಬಣ್ಣದ ಕಣಗಳನ್ನು ಅಪ್ಪಿಕೊಂಡು ಕಲ್ಲಾಗುತ್ತದೆ. ಮಳೆಯಲ್ಲಿ ತೊಳೆದುಹೋಗುವುದು ಆ ಒಂಚೂರು ಕಾರ್ಬೊನೇಟು ಮಾತ್ರ. ಹೋಗಲಿ ಬಿಡಿ, ಅದರ ಕೆಲಸ ಮುಗಿದಿದೆ.

ಮನೆಗಳಿಗೆ ಸಾಮಾನ್ಯವಾಗಿ ಹೊಡೆಸುವ ಎಮಲ್ಷನ್ ಪೇಂಟು ಹಾಗಲ್ಲ. ಅದು ಗೋಡೆಯ ಮೇಲೆ ಪ್ಲಾಸ್ಟಿಕ್ಕಿನ ತೆಳು ಹಾಳೆಯಂತೆ ಅಂಟಿಕೊಳ್ಳುತ್ತದೆ. ಹಿಂದಿನಿಂದ ತೇವ ತಳ್ಳಿದರೆ ಗುಳ್ಳೆ ಏಳುತ್ತದೆ, ಆಮೇಲೆ ಉಗುರು ಹಾಕಿದರೆ ಅಂಗೈ ಅಗಲದ ಸಿಪ್ಪೆ ಕೈಗೆ ಬರುತ್ತದೆ. ಸಿಲಿಕೇಟ್ ಬಣ್ಣದಲ್ಲಿ ಹಾಗೆ ಸುಲಿಯಲು ಹಾಳೆಯೇ ಇರುವುದಿಲ್ಲ.

ಹಿಂದೊಮ್ಮೆ ಓದುಗರೊಬ್ಬರು ನನ್ನನ್ನು ಸೋಲಿಸಲೇಬೇಕೆಂದು ಪ್ಲಾಸ್ಟಿಕ್ ತಟ್ಟೆಯ ಮೇಲೆ ವಾಟರ್ ಗ್ಲಾಸ್ ಹಚ್ಚಿ, ಒಣಗಿಸಿ, ಮಾರನೇ ದಿನ ನೀರಿಗೆ ಹಾಕಿ ಫೋಟೋ ಕಳಿಸಿದ್ದರು. ಲೋಳೆ ಲೋಳೆಯಾಗಿ ಬಿಟ್ಟುಕೊಂಡಿತ್ತು. "ಈಗೇನಂತೀರಿ?" ಅಂತ ಒಂದು ಸಾಲು. ಪ್ರಯೋಗ ಮಾಡಿದ್ದು ನನಗೆ ನಿಜಕ್ಕೂ ಖುಷಿ. ಆದರೆ ಸ್ವಾಮಿ, ತಟ್ಟೆಯಲ್ಲಿ ಸುಣ್ಣ ಎಲ್ಲಿತ್ತು? ಒಳಗಿಳಿಯಲು ರಂಧ್ರ ಎಲ್ಲಿತ್ತು? ಒಂದೇ ದಿನದಲ್ಲಿ ಗಾಳಿ ಎಷ್ಟು ಕೆಲಸ ಮಾಡೀತು? ಹಳೆಯ ಎಮಲ್ಷನ್ನಿನ ಮೇಲೆ ಸಿಲಿಕೇಟ್ ಹೊಡೆಸಿದವರ ಮನೆಯಲ್ಲೂ ಇದೇ ಕತೆ. ಅವರು ಹೊಡೆಸಿದ್ದು ಗೋಡೆಗಲ್ಲ, ತಟ್ಟೆಗೆ.

ಮೊದಲು ಗೋಡೆಗೆ ಒಂದು ಚೊಂಬು ನೀರು ಎರಚಿ ನೋಡಿ. ಗೋಡೆ ನೀರು ಕುಡಿದು ಕಪ್ಪಗಾದರೆ ಒಳ್ಳೆಯ ಲಕ್ಷಣ. ಕೆಸುವಿನ ಎಲೆ ಮೇಲಿನ ಹಾಗೆ ಹನಿ ಹನಿಯಾಗಿ ಜಾರಿದರೆ ಹಳೆಯ ಪೇಂಟನ್ನು ಕೆರೆಸಬೇಕು. ಮರಕ್ಕೂ, ಬರೀ ಪಿಒಪಿಗೂ ಇದು ನೇರವಾಗಿ ಒಗ್ಗುವುದಿಲ್ಲ. ಹೊಡೆಸಿದ ಮೊದಲ ಕೆಲವು ದಿನ ಮಳೆ ಬೀಳಬಾರದು, ಆಗ ಮಾತ್ರ ನಿಮ್ಮ ಭಯಕ್ಕೆ ಅರ್ಥವಿದೆ. ಕಿಟಕಿ ಗಾಜು ಮುಚ್ಚಿಸುವುದನ್ನು ಮರೆಯಬೇಡಿ. ಹನಿ ಬಿದ್ದು ಒಣಗಿದರೆ ಗಾಜನ್ನೇ ಕಚ್ಚುತ್ತದೆ, ಆ ಕಲೆ ಮತ್ತೆ ಹೋಗದು.

ಭಯ ಹುಟ್ಟಿದ್ದು ಸುಮ್ನೆ ಅಲ್ಲ, ಅದನ್ನೂ ಹೇಳಬೇಕು. ಲಂಡನ್ನಿನ ಪಾರ್ಲಿಮೆಂಟ್ ಕಟ್ಟಡದಲ್ಲಿ ಡೇನಿಯಲ್ ಮ್ಯಾಕ್ಲೀಸ್ ಎಂಬ ಕಲಾವಿದ ವಾಟರ್ ಗ್ಲಾಸ್ ಬಳಸಿ ಎರಡು ಭಾರೀ ಭಿತ್ತಿಚಿತ್ರ ಬರೆದರು. ವಾಟರ್ಲೂ ಯುದ್ಧದ ಕೊನೆಯಲ್ಲಿ ಸೇನಾಪತಿಗಳಾದ ವೆಲಿಂಗ್ಟನ್ ಮತ್ತು ಬ್ಲ್ಯೂಹರ್ ಭೇಟಿಯಾಗುವ ಚಿತ್ರ ಮುಗಿದದ್ದು 1861ರಲ್ಲಿ, ನೌಕಾ ಸೇನಾನಿ ನೆಲ್ಸನ್ ಸಾವಿನ ಚಿತ್ರ 1865ರಲ್ಲಿ. ಈ ವಿದ್ಯೆ ಕಲಿಯಲು ಅವರು ಜರ್ಮನಿಗೂ ಹೋಗಿಬಂದಿದ್ದರು. ಆದರೂ ಬಣ್ಣ ಮಂಕಾಯಿತು. ಮಳೆ ಬೀಳದ ಒಳಗೋಡೆಯಲ್ಲೇ ಹೀಗಾಯಿತು ನೋಡಿ, ಅಂದರೆ ಕೆಡಿಸಿದ್ದು ಮಳೆಯಲ್ಲ. ಆ ಕಾಲದ ಪದ್ಧತಿಯೇ ಇನ್ನೂ ಪಕ್ವವಾಗಿರಲಿಲ್ಲ. ಮೊದಲು ಬಣ್ಣವನ್ನು ಬರೀ ನೀರಲ್ಲಿ ಬಳಿದು, ಮೇಲಿಂದ ವಾಟರ್ ಗ್ಲಾಸ್ ಸಿಂಪಡಿಸುತ್ತಿದ್ದರು. ಯಾವ ಗಾರೆ, ಯಾವ ಬಣ್ಣ ಎಂಬ ಪಾಠವೆಲ್ಲ ಆಮೇಲೆ ಕಲಿತದ್ದು. ಜರ್ಮನಿಯ ಬವೇರಿಯಾದ ಅಡಾಲ್ಫ್ ವಿಲ್ಹೆಲ್ಮ್ ಕೈಮ್ ಇದರ ಹಿಂದೆ ಬಿದ್ದು, ಪೊಟ್ಯಾಸಿಯಂ ಸಿಲಿಕೇಟಿನ ಬಣ್ಣಕ್ಕೆ 1878ರಲ್ಲಿ ಪೇಟೆಂಟ್ ಪಡೆದರು. ಸ್ವಿಟ್ಜರ್ಲೆಂಡಿನ ಶ್ವೀಟ್ಸ್ ಪಟ್ಟಣದ ಟೌನ್ ಹಾಲಿನ ಮುಂಗೋಡೆಗೆ 1891ರಲ್ಲಿ ಅವರ ಬಣ್ಣದಲ್ಲೇ ಚಿತ್ರ ಬರೆದರು. ಅದು ಹೊರಗೋಡೆ, ಮಳೆಯೂ ಹಿಮವೂ ಬೀಳುವ ಊರು. ಚಿತ್ರ ಈಗಲೂ ಇದೆ.

"ಹಾಗಾದರೆ ಅಗ್ಗದ ಸೋಡಿಯಂ ಸಿಲಿಕೇಟನ್ನೇ ಹಾಕಬಹುದಲ್ಲ?" ಬೇಡ. ಸೋಡಿಯಂ ಕಾರ್ಬೊನೇಟು ಗೋಡೆಯ ಮೇಲೆ ಬಿಳಿ ಉಪ್ಪಾಗಿ ಏಳುತ್ತದೆ. ಪೊಟ್ಯಾಸಿಯಮ್ಮಿನದು ಗಾಳಿಯ ತೇವ ಹೀರುವ ಜಾತಿ, ಹಾಗೆ ಹರಳುಗಟ್ಟಿ ಕೂರುವುದಿಲ್ಲ. ಇನ್ನು ಒಂದೇ ಡಬ್ಬಿಯಲ್ಲಿ ಬರುವ ರೆಡಿಮೇಡ್ ಸಿಲಿಕೇಟ್ ಪೇಂಟಿನಲ್ಲಿ ಸ್ವಲ್ಪ ಪಾಲಿಮರ್, ಅಂದರೆ ಎಮಲ್ಷನ್ನಿನಲ್ಲಿರುವಂಥ ಪ್ಲಾಸ್ಟಿಕ್ ಅಂಟು, ಇದ್ದೇ ಇರುತ್ತದೆ. ಜರ್ಮನಿಯ ಡಿಐಎನ್ 18363 ಎಂಬ ಮಾನದಂಡದ ಪ್ರಕಾರ ಇಂಥ ಸಾವಯವ ವಸ್ತು ಒಟ್ಟು 5% ದಾಟುವಂತಿಲ್ಲ. ಅಂಗಡಿಯಲ್ಲಿ ಇದನ್ನು ಕೇಳಿ. ಉತ್ತರ ಬರದಿದ್ದರೆ ಡಬ್ಬಿ ವಾಪಸ್ ಇಡಿ.

ಯಾರೂ ಕೇಳದ, ಆದರೆ ಕೇಳಬೇಕಿದ್ದ ಪ್ರಶ್ನೆ ಬಣ್ಣದ್ದು. ಆರತಿಗೆ ಓಕುಳಿ ಮಾಡುವಾಗ ಅರಿಶಿನದ ನೀರಿಗೆ ಸುಣ್ಣ ಹಾಕಿದ ಕೂಡಲೇ ಕೆಂಪಾಗುತ್ತದೆ ಅಲ್ವಾ? ಅದು ಕ್ಷಾರದ ಆಟ. ಪೊಟ್ಯಾಸಿಯಂ ಸಿಲಿಕೇಟೂ ಅಂಥದ್ದೇ ಕ್ಷಾರ, ಪಿಎಚ್ 11ಕ್ಕೂ ಮೇಲೆ. ಸೂಕ್ಷ್ಮ ಬಣ್ಣಗಳು ಅದರಲ್ಲಿ ಬಾಳುವುದಿಲ್ಲ. ಪ್ರಷ್ಯನ್ ನೀಲಿಯಂತೂ ಕಂದಾಗಿಬಿಡುತ್ತದೆ. ಉಳಿಯುವುದು ಖನಿಜದ ಬಣ್ಣ. ನಮ್ಮ ದೇವಸ್ಥಾನದ ಗೋಡೆಗಳ ಕಾವಿ ಐರನ್ ಆಕ್ಸೈಡು, ಅದು ಆರಾಮಾಗಿ ಉಳಿಯುತ್ತದೆ. ಅಜ್ಜಿಯಂದಿರು ಸುಣ್ಣಕ್ಕೆ ಕಲಸುತ್ತಿದ್ದ ಪುಡಿ ನೀಲಿ ಅಲ್ಟ್ರಾಮರೀನ್, ಅದೂ ಕ್ಷಾರಕ್ಕೆ ಹೆದರದು. ಈಗಿನ ಬಾಟಲಿ ನೀಲಿ ಬೇರೆ, ಅದನ್ನು ತಂದು ಸುರಿಯಬೇಡಿ.

ಕಣ್ಣು ಕುಕ್ಕುವ ಗುಲಾಬಿ ಬಣ್ಣದ ಫೋಟೋ ಕಳಿಸಿ "ಇದೇ ಬೇಕು" ಅಂದವರಿಗೆ: ಅದು ಸಿಗಲ್ಲ. ಕಾವಿಗೆ ಜಾಸ್ತಿ ಬಿಳಿ ಬೆರೆಸಿದರೆ ಮಂದ ಗುಲಾಬಿ ಬರುತ್ತದೆ. ಅಂಗೈ ಅಗಲ ಹಚ್ಚಿಸಿ, ಒಣಗಿದ ಮೇಲೆ ನೋಡಿ.