ಮೀನು ನೋಡಿ ಬಂಡೆಯ ವಯಸ್ಸು, ಬಂಡೆ ನೋಡಿ ಮೀನಿನ ವಯಸ್ಸು?

ಪ್ರಶ್ನೆ: ಇಂಥ ಮೀನಿನ ಪಳೆಯುಳಿಕೆ ಸಿಕ್ಕಿದೆ, ಹಾಗಾಗಿ ಈ ಬಂಡೆ 40 ಕೋಟಿ ವರ್ಷ ಹಳೆಯದು ಅಂತಾರೆ. ಮೀನಿನ ವಯಸ್ಸು ಹೇಗೆ ಗೊತ್ತಾಯ್ತು ಅಂದರೆ ಬಂಡೆಯನ್ನೇ ತೋರಿಸ್ತಾರೆ. ಸುತ್ತಿ ಸುತ್ತಿ ಅಲ್ಲಿಗೇ ಬಂದ ಹಾಗಾಯ್ತು, ಅಲ್ವಾ?

ಉತ್ತರ: ಈ ಅನುಮಾನ ತುಂಬಾ ಜನಕ್ಕೆ ಬರುತ್ತದೆ, ಬರಲೇಬೇಕು ಕೂಡ. ಆದರೆ ಇಲ್ಲಿ ಎರಡು ಬೇರೆ ಕೆಲಸಗಳು ಒಂದೇ ಮಾತಿನಲ್ಲಿ ಕಲೆತುಹೋಗಿವೆ. ಯಾವ ಪದರ ಮೊದಲು, ಯಾವುದು ಆಮೇಲೆ ಎಂದು ಹೇಳುವುದು ಒಂದು ಕೆಲಸ. ಅದಕ್ಕೆ ಎಷ್ಟು ವರ್ಷವಾಯಿತು ಎಂದು ಹೇಳುವುದು ಇನ್ನೊಂದು. ಮೀನು ಮಾಡುವುದು ಮೊದಲನೆಯದನ್ನು ಮಾತ್ರ. ವರ್ಷದ ಲೆಕ್ಕ ಬರುವುದು ಬೇರೆ ಕಡೆಯಿಂದ.

ಮೊದಲು ಸರದಿಯ ವಿಷಯ ನೋಡೋಣ. ಮರಳು, ಕೆಸರು ಒಂದರ ಮೇಲೊಂದು ಕೂತು ಕಲ್ಲಾಗುತ್ತವೆ. ಬುಡದ ಪದರ ಹಳೆಯದು, ಮೇಲಿನದು ಹೊಸದು. ಎಲ್ಲೋ ಕೆಲವು ಕಡೆ ಭೂಮಿಯ ಒತ್ತಡಕ್ಕೆ ಪದರಗಳು ಮಗುಚಿಕೊಂಡಿರುತ್ತವೆ. ಆದರೆ ನೀರಿನ ಅಲೆ ಬಿಟ್ಟ ಗೆರೆ, ಹುಳ ಕೊರೆದ ಬಿಲ ನೋಡಿದರೆ ಯಾವುದು ಮೇಲ್ಮೈ ಅಂತ ತಿಳಿಯುತ್ತದೆ. ಈಗ ಕೆಳಗಿನಿಂದ ಮೇಲಕ್ಕೆ ಹತ್ತುತ್ತಾ, ಪ್ರತಿ ಪದರದಲ್ಲಿ ಯಾವ ಮೀನು ಸಿಕ್ಕಿತು ಎಂದು ಬರೆದುಕೊಂಡು ಹೋದರೆ ಒಂದು ಸರದಿ ಸಿಗುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್ ಗಡಿಯಲ್ಲಿ ಪಳೆಯುಳಿಕೆ ತಜ್ಞ ಎರಲ್ ವೈಟ್ ಇದನ್ನೇ ಮಾಡಿ 1950ರಲ್ಲಿ ಪ್ರಕಟಿಸಿದರು. ಅಲ್ಲಿನ ಕೆಂಪು ಬಂಡೆಗಳಲ್ಲಿ ಕೆಳಗೆ ಟ್ರಾಕ್ವೈರಾಸ್ಪಿಸ್, ಅದರ ಮೇಲೆ ಟೆರಾಸ್ಪಿಸ್. ಎರಡೂ ದವಡೆಯಿಲ್ಲದ, ತಲೆಗೆ ಎಲುಬಿನ ಕವಚ ಇದ್ದ ಮೀನುಗಳು. ಒಂದು ಹಳ್ಳದಲ್ಲಿ ಕಂಡ ಸರದಿಯೇ ಇನ್ನೊಂದು ಹಳ್ಳದಲ್ಲೂ ಕಾಣುತ್ತದೆ. ಇದನ್ನು ಹೇಳಲು ಮೀನಿನ ವಯಸ್ಸು ಗೊತ್ತಿರಬೇಕಾಗಿಲ್ಲ, ವಿಕಾಸವಾದವನ್ನು ಒಪ್ಪಲೂ ಬೇಕಿಲ್ಲ. ಕಾಲುವೆ ಅಗೆತದ ಸರ್ವೆ ಕೆಲಸ ಮಾಡುತ್ತಿದ್ದ ವಿಲಿಯಂ ಸ್ಮಿತ್ ಇದೇ ದಾರಿಯಲ್ಲಿ ನಡೆದು ಇಂಗ್ಲೆಂಡಿನ ಬಂಡೆಗಳ ನಕ್ಷೆ ಹೊರತಂದದ್ದು 1815ರಲ್ಲಿ. ಡಾರ್ವಿನ್ ತಮ್ಮ ಪುಸ್ತಕ ಪ್ರಕಟಿಸಿದ್ದು 1859ರಲ್ಲಿ.

ಇನ್ನು, ಮೀನೇ ಯಾಕೆ? ಚಿಪ್ಪು, ಹವಳ ಸಾಲದಾ? ಸಮುದ್ರದ ಬಂಡೆಗಳಿಗೆ ಹೆಚ್ಚಾಗಿ ಅವೇ ಸಾಕು. ತೊಡಕಾಗುವುದು ನದಿ, ಕೆರೆಗಳಲ್ಲಿ ಕೂತ ಬಂಡೆಗಳಲ್ಲಿ. ಬ್ರಿಟನ್ನಿನ ಹಳೆಯ ಕೆಂಪು ಮರಳುಗಲ್ಲು ಅಂಥದ್ದು. ಅದರಲ್ಲಿ ಸಮುದ್ರದ ಜೀವಿಗಳು ಇಲ್ಲವೆನ್ನುವಷ್ಟು ಕಡಿಮೆ. ಮೀನುಗಳಿವೆ. ಇತ್ತ ಇಂಗ್ಲೆಂಡಿನ ಡೆವನ್ ಪ್ರಾಂತ್ಯದಲ್ಲಿ ಸಮುದ್ರದ ಸುಣ್ಣಕಲ್ಲು ಇದೆ, ಅದರ ತುಂಬಾ ಹವಳ, ಚಿಪ್ಪು. ಇವೆರಡೂ ಒಂದೇ ಕಾಲದವು ಎಂದು ಭೂವಿಜ್ಞಾನಿಗಳಾದ ಸೆಜ್ವಿಕ್ ಮತ್ತು ಮರ್ಚಿಸನ್ 1839ರಲ್ಲಿ ಹೇಳಿ, ಆ ಕಾಲಕ್ಕೆ ಡೆವೋನಿಯನ್ ಎಂದು ಹೆಸರಿಟ್ಟರು. ಎಷ್ಟೋ ಜನ ನಂಬಲಿಲ್ಲ. ಒಂದರ ಪಳೆಯುಳಿಕೆ ಇನ್ನೊಂದರಲ್ಲಿ ಇಲ್ಲದಿರುವಾಗ ನಂಬುವುದಾದರೂ ಹೇಗೆ?

ಉತ್ತರ ಸಿಕ್ಕಿದ್ದು ರಷ್ಯಾದಲ್ಲಿ. 1840ರಲ್ಲಿ ಮರ್ಚಿಸನ್ ಅಲ್ಲಿಗೆ ಹೋದರು. ಅಲ್ಲಿನ ಪದರಗಳು ಹೆಚ್ಚು ಮಡಚಿಕೊಳ್ಳದೆ ಚಪ್ಪಟೆಯಾಗಿ ಮಲಗಿವೆ. ಅವುಗಳಲ್ಲಿ ಕೆಂಪು ಮರಳುಗಲ್ಲಿನ ಮೀನುಗಳೂ ಡೆವನ್ನಿನ ಚಿಪ್ಪುಗಳೂ ಜೊತೆಯಲ್ಲೇ ಸಿಕ್ಕವು. ಅಲ್ಲಿಗೆ ವಾದ ಬಹುಮಟ್ಟಿಗೆ ಮುಗಿಯಿತು. ಭೂವಿಜ್ಞಾನದ ಇತಿಹಾಸದಲ್ಲಿ ನನಗೆ ಬಹಳ ಇಷ್ಟವಾದ ಘಟನೆ ಇದು. ಮೊದಲು ಊಹೆ ಬಂತು, ಆಮೇಲೆ ಅದು ತಪ್ಪೆಂದು ಸಾಬೀತಾಗಬಹುದಾದ ಜಾಗಕ್ಕೇ ಹೋಗಿ ನೋಡಿದರು. ಸುತ್ತಿ ಸುತ್ತಿ ಅಲ್ಲಿಗೇ ಬರುವ ವಾದಕ್ಕೆ ಈ ಅಪಾಯ ಇರುವುದೇ ಇಲ್ಲ.

ಮೀನು ಅಂದ ಕೂಡಲೇ ಕಲ್ಲಿನ ಮೇಲೆ ಅಚ್ಚೊತ್ತಿದ ಇಡೀ ಮೀನು ಕಣ್ಣಮುಂದೆ ಬರುತ್ತದೆ. ಅಂಥದ್ದು ಸಿಗುವುದು ಅಪರೂಪ. ದಿನನಿತ್ಯದ ಕೆಲಸ ನಡೆಯುವುದು ಹುರುಪೆಗಳಲ್ಲಿ. ಥೀಲೋಡಾಂಟ್ ಎಂಬ ದವಡೆಯಿಲ್ಲದ ಮೀನುಗಳ ಮೈತುಂಬ ಸಾವಿರಾರು ಹುರುಪೆಗಳಿದ್ದವು. ಒಂದೊಂದೂ ಹೆಚ್ಚೆಂದರೆ ಒಂದೆರಡು ಮಿಲಿಮೀಟರ್. ಮೀನು ಸತ್ತು ಕೊಳೆತ ಮೇಲೆ ಅವು ಕೆಸರಿನಲ್ಲಿ ಚೆಲ್ಲಾಡುತ್ತಿದ್ದವು. ಈಗ ಅವನ್ನು ಹೊರತೆಗೆಯಲು ಸುಣ್ಣಕಲ್ಲಿನ ಚೂರನ್ನು ಸುಮಾರು 10 ಶೇಕಡಾ ಅಸಿಟಿಕ್ ಆಮ್ಲದಲ್ಲಿ ಇಡುತ್ತಾರೆ. ಕಲ್ಲು ನಿಧಾನಕ್ಕೆ ಗುಳ್ಳೆಗುಳ್ಳೆಯಾಗಿ ಕರಗುತ್ತದೆ. ಹುರುಪೆ ಇರುವುದು ಕ್ಯಾಲ್ಸಿಯಂ ಫಾಸ್ಫೇಟ್‌ನಿಂದ, ಅದು ಹಾಗೇ ಉಳಿಯುತ್ತದೆ. ತಳದಲ್ಲಿ ಕೂತ ಗಸಿಯನ್ನು ಸೋಸಿ, ತೊಳೆದು, ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಹರಡುತ್ತಾರೆ. ಒದ್ದೆ ಮಾಡಿದ ಸಣ್ಣ ಬ್ರಷ್ಷಿನ ತುದಿಯಿಂದ ಹುರುಪೆಗಳನ್ನು ಒಂದೊಂದಾಗಿ ಎತ್ತಿಡಬೇಕು. ಹತ್ತಿರದಿಂದ ನೋಡಿದರೆ ಅದು ಪುಟ್ಟ ಹಲ್ಲಿನ ಹಾಗೇ ಇರುತ್ತದೆ: ಮೇಲೆ ಹೊಳೆಯುವ ತಲೆ, ನಡುವೆ ಕುತ್ತಿಗೆ, ಕೆಳಗೆ ಬುಡ, ಬುಡದಲ್ಲಿ ಒಂದು ತೂತು. ತಲೆಯ ಮೇಲಿನ ಏಣು, ಗೀರು, ಅಂಚಿನ ಆಕಾರ ನೋಡಿ ಯಾವ ಬಗೆ ಎಂದು ಗುರುತಿಸುತ್ತಾರೆ.

ಇದರಿಂದ ದೊಡ್ಡ ಅನುಕೂಲ ಇದೆ. ಟುರಿನಿಯಾ ಪೇಜಿ ಎಂಬ ಥೀಲೋಡಾಂಟ್‌ನ ಇಡೀ ದೇಹ ಸಿಕ್ಕಿರುವುದು ಸ್ಕಾಟ್ಲೆಂಡಿನಲ್ಲಿ. ಆದರೆ ಅದರ ಹುರುಪೆಗಳು ವೇಲ್ಸ್ ಗಡಿಯಲ್ಲೂ ಬಾಲ್ಟಿಕ್ ಪ್ರದೇಶದಲ್ಲೂ ಸಿಗುತ್ತವೆ, ಅದೂ ಡೆವೋನಿಯನ್ ಕಾಲದ ಆರಂಭದ ಪದರಗಳಲ್ಲಿ. ಥೀಲೋಡಾಂಟ್ ಹುರುಪೆಗಳು ನದಿಯ ಮರಳುಗಲ್ಲಿನಲ್ಲೂ ಇವೆ, ಸಮುದ್ರದ ಸುಣ್ಣಕಲ್ಲಿನಲ್ಲೂ ಇವೆ. ಸಮುದ್ರದ ಕಡೆ ಅವುಗಳ ಪಕ್ಕದಲ್ಲೇ ಕೋನೊಡಾಂಟ್ ಎಂಬ ಸಣ್ಣ ಸಮುದ್ರಜೀವಿಗಳ ಹಲ್ಲಿನಂಥ ಚೂರುಗಳೂ ಇರುತ್ತವೆ. ಅವುಗಳ ಸರದಿಯನ್ನು ಬೇರೆಯವರು ಬೇರೆಯಾಗಿಯೇ ಕಟ್ಟಿದ್ದಾರೆ. ಎರಡು ಸರದಿಗಳೂ ಒಂದಕ್ಕೊಂದು ಹೊಂದುತ್ತವಾ ಅಂತ ತಾಳೆ ನೋಡಬಹುದು.

ಎಡವುವ ಜಾಗಗಳೂ ಇವೆ. ಒಂದೇ ಮೀನಿನ ತಲೆಯ ಹುರುಪೆ ಒಂದು ಥರ, ಮೈಯದು ಇನ್ನೊಂದು ಥರ. ಬಿಡಿಬಿಡಿಯಾಗಿ ಸಿಕ್ಕರೆ ಎರಡು ಬೇರೆ ಮೀನು ಅಂತಲೇ ತೋರುತ್ತದೆ. ಪಳೆಯುಳಿಕೆ ತಜ್ಞ ವಾಲ್ಟರ್ ಗ್ರಾಸ್ 1967ರಲ್ಲಿ ಈ ಗೋಜಲನ್ನು ಬಹಳಷ್ಟು ಬಿಡಿಸಿದರು. ಹುರುಪೆ ಗಟ್ಟಿಯಾದ್ದರಿಂದ ಹಳೇ ಬಂಡೆ ಸವೆದಾಗ ಅದು ಹೊರಬಂದು, ಕೊಚ್ಚಿಹೋಗಿ, ಹೊಸ ಪದರದಲ್ಲಿ ಸೇರಿಕೊಳ್ಳಲೂಬಹುದು. ಏಣುಗಳು ಉಜ್ಜಿ ನುಣ್ಣಗಾಗಿದ್ದರೆ ಅನುಮಾನಪಡಬೇಕು.

ಇದಕ್ಕಿಂತ ದೊಡ್ಡ ತೊಡಕು ಬೋಥ್ರಿಯೊಲೆಪಿಸ್‌ನದು. ಪೆಟ್ಟಿಗೆಯಂಥ ಕವಚದ ಈ ಮೀನಿನಲ್ಲಿ ನೂರಕ್ಕೂ ಜಾಸ್ತಿ ಪ್ರಭೇದಗಳಿವೆ, ಅಂಟಾರ್ಕ್ಟಿಕಾದಲ್ಲೂ ಸಿಕ್ಕಿದೆ. ಇಷ್ಟು ಹರಡಿದ ಮೀನು ಸಿಕ್ಕಿದರೆ ಕೆಲಸ ಸುಲಭ ಅನ್ನಿಸುತ್ತದೆ. ಆದರೆ ಚೀನಾದಲ್ಲಿ ಅದು ಡೆವೋನಿಯನ್ ಕಾಲದ ಮಧ್ಯಭಾಗದಲ್ಲೇ ಕಾಣಿಸಿಕೊಳ್ಳುತ್ತದೆ. ಯುರೋಪಿನಲ್ಲಿ ಅದು ಹೇರಳವಾಗುವುದು ಕೊನೆಯ ಭಾಗದಲ್ಲಿ. ಬರೀ ಬೋಥ್ರಿಯೊಲೆಪಿಸ್ ಇದೆ ಎಂಬ ಕಾರಣಕ್ಕೆ ಎರಡು ಖಂಡಗಳ ಬಂಡೆಗಳನ್ನು ಸರಿಸಮ ಎಂದರೆ ತಪ್ಪಾಗುತ್ತದೆ. ಈ ವ್ಯತ್ಯಾಸ ಗೊತ್ತಾಗುವುದು ಅದೇ ಬಂಡೆಗಳ ಬೇರೆ ಪಳೆಯುಳಿಕೆಗಳನ್ನೂ ಪಕ್ಕದಲ್ಲಿಟ್ಟು ನೋಡಿದಾಗ. ಒಂದೇ ಮೀನಿನ ಮಾತು ಕೇಳಿ ತೀರ್ಮಾನ ಮಾಡಬಾರದು ಎನ್ನುವುದು ಇದಕ್ಕೇ.

ಕೊನೆಗೆ ವರ್ಷದ ಲೆಕ್ಕ. ಪದರಗಳ ನಡುವೆ ಅಲ್ಲಲ್ಲಿ ಜ್ವಾಲಾಮುಖಿಯ ಬೂದಿ ಕೂತಿರುತ್ತದೆ. ಅದರಲ್ಲಿ ಜಿರ್ಕಾನ್ ಎಂಬ ಸಣ್ಣ ಹರಳುಗಳಿವೆ. ಹರಳು ಕಟ್ಟುವಾಗ ಯುರೇನಿಯಂ ಒಳಗೆ ಸೇರುತ್ತದೆ, ಸೀಸ ಹೆಚ್ಚುಕಡಿಮೆ ಸೇರುವುದೇ ಇಲ್ಲ. ಆಮೇಲೆ ಯುರೇನಿಯಂ ಗೊತ್ತಾದ ವೇಗದಲ್ಲಿ ಸೀಸವಾಗುತ್ತಾ ಹೋಗುತ್ತದೆ. ಯುರೇನಿಯಂ 238 ಅರ್ಧಕ್ಕಿಳಿಯಲು ಸುಮಾರು 447 ಕೋಟಿ ವರ್ಷ ಬೇಕು. ಎರಡರ ಪ್ರಮಾಣ ಅಳೆದರೆ ಬೂದಿಯ ವಯಸ್ಸು ಸಿಗುತ್ತದೆ. ಮೀನಿರುವ ಪದರದ ಕೆಳಗೊಂದು, ಮೇಲೊಂದು ಬೂದಿ ಇದ್ದರೆ ಮೀನು ಇವೆರಡರ ನಡುವಿನ ಕಾಲದ್ದು. ಈ ಅಳತೆಗೂ ಮೀನಿಗೂ ಯಾವ ಸಂಬಂಧವೂ ಇಲ್ಲ. ಬೂದಿಯೇ ಇಲ್ಲದ ಊರಿನಲ್ಲಿ ಅದೇ ಹುರುಪೆಗಳ ಗುಂಪು ಸಿಕ್ಕರೆ, ಆಗ ಮೀನು ಆ ವಯಸ್ಸನ್ನು ಅಲ್ಲಿಗೆ ದಾಟಿಸುತ್ತದೆ. "ಈ ಮೀನು ಸಿಕ್ಕಿದೆ, ಹಾಗಾಗಿ 40 ಕೋಟಿ ವರ್ಷ" ಎನ್ನುವ ಮಾತಿನ ಹಿಂದೆ ಇಷ್ಟೆಲ್ಲಾ ಇದೆ.

ಡೆವೋನಿಯನ್ ಯಾವಾಗ ಶುರುವಾಯಿತು ಎಂಬ ಅಂಕಿಯನ್ನೇ ನೋಡಿ. 1964ರ ಭೂಕಾಲದ ಪಟ್ಟಿಯಲ್ಲಿ ಅದು 39.5 ಕೋಟಿ ವರ್ಷ. 1982ರಲ್ಲಿ 40.8 ಕೋಟಿ. ಈಗ ಸುಮಾರು 41.9 ಕೋಟಿ. ಅಳೆಯುವ ಯಂತ್ರಗಳು ಸುಧಾರಿಸಿದಂತೆ ಅಂಕಿ ಬದಲಾಯಿತು. ಕಾಲದ ಗಡಿಗೆರೆಯೂ ಜರುಗಿದೆ: ಬ್ರಿಟನ್ನಿನಲ್ಲಿ ಬಹಳ ಕಾಲ ಮೀನಿನ ಹುರುಪೆ ತುಂಬಿದ ಲಡ್ಲೋ ಎಲುಬು ಪದರವನ್ನೇ ಗಡಿ ಅನ್ನುತ್ತಿದ್ದರು, 1972ರಲ್ಲಿ ಗಡಿಯನ್ನು ಈಗಿನ ಚೆಕ್ ದೇಶದ ಕ್ಲೋಂಕ್ ಎಂಬಲ್ಲಿ ಹೊಸದಾಗಿ ಗೊತ್ತುಮಾಡಿದ ಮೇಲೆ ಅದು ಬ್ರಿಟನ್ನಿನ ಬಂಡೆಗಳಲ್ಲಿ ಇನ್ನೂ ಮೇಲಕ್ಕೆ ಹೋಯಿತು. ಇಷ್ಟಾದರೂ ವೇಲ್ಸ್ ಗಡಿಯ ಹಳ್ಳಗಳಲ್ಲಿ ಟ್ರಾಕ್ವೈರಾಸ್ಪಿಸ್ ಕೆಳಗೇ ಇದೆ, ಟೆರಾಸ್ಪಿಸ್ ಅದರ ಮೇಲೇ ಇದೆ.