√13 ಎಲ್ಲಿಂದ ಬಂತು? ಟ್ಯಾಂಟಲಮ್ ಡೈಸಲ್ಫೈಡಿನ ನಕ್ಷತ್ರದ ಲೆಕ್ಕ

ಚಾರ್ಜ್ ಡೆನ್ಸಿಟಿ ವೇವ್ (ಹರಳಿನಲ್ಲಿ ಎಲೆಕ್ಟ್ರಾನ್ ಸಾಂದ್ರತೆ ಅಲೆಯಂತೆ ಏರಿಳಿದು, ಪರಮಾಣುಗಳೂ ಜೊತೆಗೆ ಸರಿಯುವುದು) ಪಾಠದಲ್ಲಿ ‘√13 × √13’ ಕಂಡ ಕೂಡಲೇ ಪೆನ್ನು ನಿಲ್ಲುತ್ತದೆ. ಹೊಸ ವಿನ್ಯಾಸದ ಮನೆಯ ಎರಡೂ ಬದಿ ಮೊದಲಿನದರ √13 ಪಟ್ಟು ಎಂದು ಅದರ ಅರ್ಥ. ಧಾರವಾಡದ ಎಂ.ಎಸ್ಸಿ ಓರಗೆಯವರಿಗಾಗಿ ಹೆಚ್ಚಾಗಿ ಅದೊಂದನ್ನೇ ಇಲ್ಲಿ ಬಿಡಿಸಿದೆ.

1ಟಿ-ಟ್ಯಾಂಟಲಮ್ ಡೈಸಲ್ಫೈಡಿನ (1ಟಿ ಎಂದರೆ ಪದರ ಜೋಡಣೆಯ ಒಂದು ಬಗೆ) ಒಂದು ಪದರದಲ್ಲಿ ಟ್ಯಾಂಟಲಮ್ ಪರಮಾಣುಗಳು ತ್ರಿಕೋನ ಜಾಲವಾಗಿ ಕೂತಿವೆ. ಚುಕ್ಕಿ ರಂಗೋಲಿಯಲ್ಲಿ ಎರಡು ಚುಕ್ಕಿಗಳ ಸಂದಿಗೆ ಮುಂದಿನ ಸಾಲಿನ ಚುಕ್ಕಿ ಇಡುತ್ತಾರಲ್ಲ, ಹಾಗೇ. ಅಂತರ 3.36 ಆಂಗ್‌ಸ್ಟ್ರಾಮ್. ತಣಿದಾಗ ನಡುವಿನ ಒಂದರತ್ತ ಸುತ್ತಲಿನ 6, ಅವುಗಳಾಚೆಯ 6 ಸರಿದು 13ರ ನಕ್ಷತ್ರವಾಗುತ್ತದೆ. ಆಚೆಯ 6 ಅಂದರೆ √3 ಪಟ್ಟು ದೂರದವು. ತಪ್ಪಿ 2 ಪಟ್ಟು ದೂರದವನ್ನು ಹಿಡಿದರೆ ಆರು ಕಡ್ಡಿಯ ಚಕ್ರ ಬರುತ್ತದೆ, ನಕ್ಷತ್ರವಲ್ಲ.

ಈಗ ಎಡವುವ ಹೆಜ್ಜೆ. ಪಕ್ಕದ ನಕ್ಷತ್ರದ ನಡುವಿಗೆ ಹೋಗಲು ಜಾಲದ ‘ಎ’ ಅಕ್ಷದ ದಿಕ್ಕಿಗೆ 3 ಅಂತರ, ‘ಬಿ’ ದಿಕ್ಕಿಗೆ 1. ಉದ್ದದ ವರ್ಗ = 9 + 1 + 2·3·1·ಕಾಸ್ θ. ಎರಡೂ ದಿಕ್ಕುಗಳ ನಡುವೆ 60° ಇದ್ದರೆ 9 + 1 + 3 = 13. ಸರಿ ಬಂತು. ಆದರೆ ಷಟ್ಕೋನ ಜಾಲಕ್ಕೆ 120° ಅಕ್ಷ ಹಿಡಿಯುವ ರೂಢಿ ಉಂಟು. ಆಗ ಕಾಸ್ ಋಣವಾಗಿ 9 + 1 − 3 = 7! ಉತ್ತರ √7 ಬಂದವರು ಗುಣಾಕಾರ ತಪ್ಪಿಲ್ಲ, ಅಕ್ಷ ಬೆರೆಸಿದ್ದಾರೆ ಅಷ್ಟೇ. 120° ಹಿಡಿದರೆ ಅದೇ ಬಿಂದು (4, 1): 16 + 1 − 4 = 13. ಗ್ರಾಫ್ ಹಾಳೆಯ ಮೇಲೆ ಎರಡೂ ರೀತಿ ಎಳೆದು ನೋಡ್ರಿ, ಒಂದೇ ಚುಕ್ಕಿಗೆ ಬಂದು ಮುಟ್ಟುತ್ತವೆ.

ನಕ್ಷತ್ರಗಳ ಜಾಲ ಮೂಲ ಜಾಲದಿಂದ ತಿರುಗಿದ ಕೋನವೂ ಇದರಲ್ಲೇ ಇದೆ: ಅಡ್ಡ 3.5, ಎತ್ತರ 0.866, ಹಾಗಾಗಿ 13.9°. ಉದ್ದ 12.1 ಆಂಗ್‌ಸ್ಟ್ರಾಮ್. ಕನ್ನಡಿಬಿಂಬದಂತೆ −13.9° ತಿರುಗಿದ ಡೊಮೇನೂ (ಹರಳಿನ ಬೇರೆ ಭಾಗವೂ) ಇರಬಹುದು. ಒಂದೇ ಮಾದರಿಯಲ್ಲಿ ಎರಡೂ ಇದ್ದರೆ ಡಿಫ್ರಾಕ್ಷನ್ (ಹರಳಿನಿಂದ ಚದುರಿದ ಕಿರಣಗಳ) ಚಿತ್ರದಲ್ಲಿ 6ರ ಉಂಗುರದ ಬದಲು 12 ಉಪಚುಕ್ಕಿ ಕಾಣುತ್ತವೆ.

ಎಲೆಕ್ಟ್ರಾನ್ ಎಣಿಕೆ ಸಲೀಸು. ಟ್ಯಾಂಟಲಮ್ಮಿನ 5ರಲ್ಲಿ 4 ಗಂಧಕಕ್ಕೆ, ಉಳಿದದ್ದು 1. ನಕ್ಷತ್ರಕ್ಕೆ 13: ಹನ್ನೆರಡು ಸೇರಿ 6 ಬ್ಯಾಂಡ್ (ಎಲೆಕ್ಟ್ರಾನ್ ಕೂರುವ ಶಕ್ತಿಪಟ್ಟಿ, ಒಂದಕ್ಕೆ ಎರಡು) ತುಂಬುತ್ತವೆ, ಒಂದು ಒಂಟಿ. ಅರ್ಧ ತುಂಬಿದ ಬ್ಯಾಂಡ್ ಲೋಹವಾಗಬೇಕಿತ್ತು. ಆದರೆ ನಕ್ಷತ್ರದಿಂದ ನಕ್ಷತ್ರಕ್ಕೆ ಜಿಗಿತ ಕಷ್ಟ, ಬ್ಯಾಂಡ್ ಸಪೂರ. ಒಂದೇ ನಕ್ಷತ್ರದಲ್ಲಿ ಎರಡು ಎಲೆಕ್ಟ್ರಾನ್ ಕೂರುವ ವಿಕರ್ಷಣೆಯ ಬೆಲೆ ಅದಕ್ಕಿಂತ ಹೆಚ್ಚು. ಹೀಗೆ ವಿಕರ್ಷಣೆಯಿಂದಲೇ ವಿದ್ಯುತ್ ಹರಿಯದಂತಾದದ್ದು ಮಾಟ್ ಇನ್ಸುಲೇಟರ್.

ಉಷ್ಣತೆ: ಸುಮಾರು 350 ಕೆಲ್ವಿನ್‌ಗಿಂತ ಕೆಳಗೆ ನಕ್ಷತ್ರಗಳು ತುಂಡುತುಂಡು ದ್ವೀಪಗಳಾಗಿರುತ್ತವೆ, ತಣಿಸುತ್ತ 180ರ ಹತ್ತಿರ ಪೂರ್ತಿ ಕೂಡುತ್ತವೆ. ಧಾರವಾಡದ ಮೇ ಬಿಸಿಲು 310 ಕೆಲ್ವಿನ್, ಅಂದರೆ ಮೇಜಿನ ಮೇಲಿನ ಹರಳು ದ್ವೀಪದ ಸ್ಥಿತಿಯಲ್ಲೇ. ಪೂರ್ತಿ ಕೂಡಿಸಲು ದ್ರವ ಸಾರಜನಕದ 77 ಕೆಲ್ವಿನ್ ಸಾಕು. ಮತ್ತೆ ಕಾಯಿಸುವಾಗ ಅದೇ 180ಕ್ಕೆ ಬದಲಾಗದು, 220ರ ಆಸುಪಾಸು.

ಒಂದು ಎಚ್ಚರ: ದಪ್ಪ ಹರಳಿನಲ್ಲಿ ಪದರಗಳು ಜೋಡಿಗೂಡಿದರೆ ಎಲೆಕ್ಟ್ರಾನ್ ಎಣಿಕೆ 26, ಸಮಸಂಖ್ಯೆ, ಒಂಟಿ ಉಳಿಯದು. ಆಗ ಮಾಟ್ ಇಲ್ಲದೆಯೂ ಇನ್ಸುಲೇಟರ್ ಆಗಬಲ್ಲದು. ಉತ್ತರಪತ್ರಿಕೆಯಲ್ಲಿ ‘ಒಂದೇ ಪದರಕ್ಕೆ’ ಎಂದು ಬರೆಯಿರಿ.