ಕಾರಿನ ಮೇಲೆ ನೊರೆ ಮಾಡುವ ಕೆಲಸ

ನಲ್ಲಿಯ ಪೈಪಿಗೆ ಸಿಕ್ಕಿಸಿ ಕಾರಿನ ಮೇಲೆ ನೊರೆ ಎರಚುವ ಫೋಮ್ ಗನ್ ಈಗ ಎಲ್ಲೆಡೆ ಸಿಗುತ್ತದೆ. ಡಬ್ಬಿಯ ಮೇಲಿನ ಚಿತ್ರದಲ್ಲಿ ಬಾನೆಟ್ಟಿನಿಂದ ಡಿಕ್ಕಿಯವರೆಗೆ ದಪ್ಪನೆಯ ಬಿಳಿ ನೊರೆ. ಮನೆಗೆ ತಂದು ಜೋಡಿಸಿ ಟ್ರಿಗರ್ ಒತ್ತಿದರೆ ಬರುವುದು ಗುಳ್ಳೆಗಳು ಬೆರೆತ ಸೋಪಿನ ನೀರು. ಬಾಗಿಲ ಮೇಲೆ ಬಿದ್ದ ಸ್ವಲ್ಪ ಹೊತ್ತಿಗೇ ಅದರ ಬಹುಪಾಲು ಜಾರಿ ನೆಲ ಸೇರಿರುತ್ತದೆ. ಹಣ ದಂಡವಾಯಿತೆಂದು ಬೇಸರಿಸಿಕೊಂಡು ಅದನ್ನು ಅಟ್ಟಕ್ಕೆ ಹಾಕುವವರಿದ್ದಾರೆ. ಅಟ್ಟಕ್ಕೆ ಹಾಕುವ ಮೊದಲು ನೊರೆಯಿಂದ ನಾವು ಯಾವ ಕೆಲಸವನ್ನು ಬಯಸುತ್ತಿದ್ದೇವೆ ಎಂದು ಕೇಳಿಕೊಳ್ಳಬೇಕು. ನೊರೆ ಕೊಳೆಯನ್ನು ಉಜ್ಜುವುದಿಲ್ಲ, ಎತ್ತಿ ಒಯ್ಯುವುದೂ ಇಲ್ಲ. ಸೋಪಿನ ನೀರನ್ನು ಕೊಳೆಯ ಮೈಗೆ ತಾಗಿಸಿ ಕೆಲವು ನಿಮಿಷ ಹಿಡಿದಿಡುವುದಷ್ಟೇ ಅದರ ಕೆಲಸ. ಈ ಕೆಲವು ನಿಮಿಷಗಳಲ್ಲೇ ಕಾರಿನ ಬಣ್ಣದ ಉಳಿವು ಅಡಗಿದೆ.

ಮೊದಲು ಗನ್ನಿನ ಒಳಗೆ ನೋಡೋಣ. ಅದರಲ್ಲಿ ಮೋಟರಿಲ್ಲ, ಪಂಪಿಲ್ಲ. ಪೈಪಿನಿಂದ ಬಂದ ನೀರು ಒಂದು ಕಿರಿದಾದ ಕಂಡಿಯ ಮೂಲಕ ನುಗ್ಗಬೇಕು. ದಾರಿ ಕಿರಿದಾದಾಗ ನೀರಿನ ವೇಗ ಹೆಚ್ಚುತ್ತದೆ. ವೇಗ ಹೆಚ್ಚಿದಲ್ಲಿ ಒತ್ತಡ ಇಳಿಯುತ್ತದೆ. ದ್ರವದ ವೇಗಕ್ಕೂ ಒತ್ತಡಕ್ಕೂ ಇರುವ ಈ ನಂಟನ್ನು ಡೇನಿಯಲ್ ಬರ್ನೌಲಿ 1738ರಲ್ಲಿ ಬರೆದಿಟ್ಟ. ಕಿರಿದಾದ ಕೊಳವೆಯಲ್ಲಿ ಅದು ಉಂಟುಮಾಡುವ ಹೀರುವಿಕೆಯನ್ನು ಇಟಲಿಯ ಜೊವಾನಿ ಬಟಿಸ್ಟಾ ವೆಂಚುರಿ 1797ರಲ್ಲಿ ವಿವರಿಸಿದ. ಬಾಟಲಿಯೊಳಗೆ ಇಳಿಬಿದ್ದಿರುವ ಸಣ್ಣ ನಳಿಕೆಯ ಮೇಲ್ತುದಿ ಈ ಕಡಿಮೆ ಒತ್ತಡದ ಜಾಗಕ್ಕೆ ತೆರೆದುಕೊಂಡಿರುತ್ತದೆ. ಬಾಟಲಿಯೊಳಗಿನ ಶಾಂಪೂವಿನ ಮೇಲೆ ವಾತಾವರಣದ ಒತ್ತಡವಿದೆ, ಮೇಲ್ತುದಿಯಲ್ಲಿ ಅದಕ್ಕಿಂತ ಕಡಿಮೆ. ಹಾಗಾಗಿ ಶಾಂಪೂ ತಾನೇ ಮೇಲೇರುತ್ತದೆ. ಬಾಟಲಿ ಪಾರದರ್ಶಕವಾಗಿದ್ದರೆ ಟ್ರಿಗರ್ ಒತ್ತಿದೊಡನೆ ನೀಲಿಯೋ ಕೆಂಪೋ ಬಣ್ಣದ ಗೆರೆಯೊಂದು ನಳಿಕೆಯಲ್ಲಿ ಏರುವುದು ಕಣ್ಣಿಗೆ ಕಾಣುತ್ತದೆ. ಮುಚ್ಚಳದಲ್ಲಿ ಗಾಳಿ ಒಳಬರಲು ಸೂಜಿಮೊನೆಯಷ್ಟು ತೂತಿರುತ್ತದೆ. ಒಣಗಿದ ಸೋಪು ಅದನ್ನು ಕಟ್ಟಿದರೆ ಬಾಟಲಿಯೊಳಗೂ ಒತ್ತಡ ಇಳಿದು ಶಾಂಪೂ ಏರುವುದು ನಿಲ್ಲುತ್ತದೆ. ಗನ್ ಕೆಟ್ಟಿತೆಂದು ಅಂಗಡಿಗೆ ಹೋಗುವ ಮೊದಲು ಆ ತೂತಿಗೆ ಸೂಜಿ ಹಾಕಿ ನೋಡಿ.

ಇಷ್ಟೆಲ್ಲಕ್ಕೂ ಶಕ್ತಿ ಬರಬೇಕಾದದ್ದು ನಲ್ಲಿಯ ಒತ್ತಡದಿಂದಲೇ. ನಮ್ಮ ಮನೆಗಳ ತೊಡಕಿರುವುದು ಇಲ್ಲಿ. ಅಮೆರಿಕದ ಮನೆಗಳಿಗೆ ಪುರಸಭೆಯ ಕೊಳವೆಯಿಂದ ನೇರವಾಗಿ ಮೂರು ನಾಲ್ಕು ಬಾರ್ ಒತ್ತಡದಲ್ಲಿ ನೀರು ಬರುವುದು ಸಾಮಾನ್ಯ. ನಮ್ಮಲ್ಲಿ ನೀರು ಮೊದಲು ಸಂಪಿಗೆ, ಅಲ್ಲಿಂದ ತಾರಸಿಯ ಟ್ಯಾಂಕಿಗೆ, ಆಮೇಲೆ ನಲ್ಲಿಗೆ. ಹತ್ತು ಮೀಟರ್ ಎತ್ತರದ ನೀರು ಕೊಡುವುದು ಸುಮಾರು ಒಂದು ಬಾರ್ ಒತ್ತಡ. ಒಂದಂತಸ್ತಿನ ಮನೆಯ ಟ್ಯಾಂಕಿನಿಂದ ಅಂಗಳದ ನಲ್ಲಿಗೆ ನಾಲ್ಕೈದು ಮೀಟರ್ ಎತ್ತರವಿದ್ದರೆ ಸಿಗುವುದು ಅರ್ಧ ಬಾರ್ ಮಾತ್ರ, ಅದರಲ್ಲೂ ಉದ್ದದ ಪೈಪಿನ ಘರ್ಷಣೆ ಒಂದು ಪಾಲನ್ನು ತಿನ್ನುತ್ತದೆ. ವಿದ್ಯುತ್ತಿನಿಂದ ನಡೆಯುವ ಪ್ರೆಶರ್ ವಾಷರ್‌ನ ಒತ್ತಡ ನೂರು ಬಾರ್ ಆಸುಪಾಸು. ಅದಕ್ಕೆ ಜೋಡಿಸುವ ಫೋಮ್ ಕ್ಯಾನನ್ನಿನಲ್ಲಿ ಉಕ್ಕಿನ ಜಾಲರಿಯೊಂದಿದೆ. ವೇಗದ ನೀರು ಗಾಳಿಯನ್ನೂ ಸೆಳೆದುಕೊಂಡು ಅದರೊಳಗೆ ಹಾಯುವಾಗ ಗುಳ್ಳೆಗಳು ಸೀಳಿಹೋಗಿ ಸಣ್ಣಸಣ್ಣವಾಗುತ್ತವೆ. ದಪ್ಪ ನೊರೆ ಎಂದರೆ ಸಣ್ಣ ಗುಳ್ಳೆಗಳ ನೊರೆ. ತಾರಸಿ ಟ್ಯಾಂಕಿನ ನೀರಿಗೆ ಗುಳ್ಳೆಗಳನ್ನು ಹಾಗೆ ಸೀಳುವ ಶಕ್ತಿಯಿಲ್ಲ.

ಸಣ್ಣ ಗುಳ್ಳೆಗಳಿಂದ ಏನು ಲಾಭ? ಸೋಪಿನ ಅಣುವಿನ ಒಂದು ತುದಿ ನೀರನ್ನು ಬಯಸುತ್ತದೆ, ಇನ್ನೊಂದು ತುದಿ ನೀರಿನಿಂದ ತಪ್ಪಿಸಿಕೊಳ್ಳುತ್ತದೆ. ಅವು ಒತ್ತೊತ್ತಾಗಿ ನೀರಿನ ಮೇಲ್ಮೈಗೆ ಬಂದು ನಿಂತಾಗ ನೀರನ್ನು ಮಣಿಯಾಗಿ ಬಿಗಿದಿಡುವ, ಮೀಟರಿಗೆ 72 ಮಿಲಿನ್ಯೂಟನ್ ಇದ್ದ ಮೇಲ್ಮೈ ಎಳೆತ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಮೇಣ ಹಚ್ಚಿದ ಬಣ್ಣದ ಮೇಲೆ ಮಣಿಮಣಿಯಾಗಿ ಉರುಳುತ್ತಿದ್ದ ನೀರು ಆಗ ಹರಡಿಕೊಂಡು ಧೂಳಿನ ಸಂದುಗಳಿಗೆ ನುಸುಳುತ್ತದೆ. ಆದರೆ ಬಾಗಿಲು ನೆಟ್ಟಗೆ ನಿಂತ ಗೋಡೆ; ಬರಿಯ ಸೋಪಿನ ನೀರು ಅಲ್ಲಿ ನಿಲ್ಲುವುದಿಲ್ಲ. ನೊರೆ ನಿಲ್ಲುತ್ತದೆ. ಗುಳ್ಳೆಗಳು ಒಂದನ್ನೊಂದು ಒತ್ತಿ ಹಿಡಿದಿರುವುದರಿಂದ, ಒಂದು ಮಿತಿಯವರೆಗಿನ ಬಲಕ್ಕೆ ನೊರೆ ಘನವಸ್ತುವಿನ ಹಾಗೆಯೇ ವರ್ತಿಸುತ್ತದೆ.

ನೊರೆಯ ಒಳಗಿನ ಜ್ಯಾಮಿತಿಯನ್ನು ಬಿಡಿಸಿದವನು ಬೆಲ್ಜಿಯಂನ ಜೋಸೆಫ್ ಪ್ಲಾಟೊ. ಗುಳ್ಳೆಗಳ ನಡುವಿನ ಮೂರು ಪೊರೆಗಳು ಕೂಡುವಲ್ಲಿ ಅವುಗಳ ನಡುವಿನ ಕೋನ ಯಾವಾಗಲೂ 120 ಡಿಗ್ರಿ ಎಂದು 1873ರಲ್ಲಿ ಪ್ರಕಟಿಸಿದ. ಆ ಹೊತ್ತಿಗೆ ಅವನು ಕುರುಡನಾಗಿ ದಶಕಗಳೇ ಕಳೆದಿದ್ದವು. ಪೊರೆಗಳನ್ನು ಬೇರೆಯವರು ನೋಡಿ ಹೇಳುತ್ತಿದ್ದರು, ಅವನು ಯೋಚಿಸುತ್ತಿದ್ದ. ವಿಜ್ಞಾನದ ಚರಿತ್ರೆಯಲ್ಲಿ ನನ್ನನ್ನು ಇಷ್ಟು ಕಲಕುವ ಸಂಗತಿಗಳು ಹೆಚ್ಚಿಲ್ಲ. ಪೊರೆಗಳು ಕೂಡುವ ಆ ಅಂಚುಗಳೇ ನೊರೆಯ ಕಾಲುವೆಗಳು. ನೀರು ಪೊರೆಗಳಿಂದ ಅಂಚಿಗೆ ಬಂದು, ಅಂಚಿನಿಂದ ಅಂಚಿಗೆ ನಿಧಾನವಾಗಿ ಇಳಿಯುತ್ತದೆ. ಗುಳ್ಳೆ ಸಣ್ಣದಾದಷ್ಟೂ ಕಾಲುವೆ ಕಿರಿದು, ಇಳಿಯುವಿಕೆ ನಿಧಾನ. ನೊರೆ ಹಚ್ಚಿದ ಬಾಗಿಲ ಕೆಳಭಾಗವನ್ನು ಬಗ್ಗಿ ನೋಡಿದರೆ ಇದು ಗೊತ್ತಾಗುತ್ತದೆ: ಮೇಲೆ ನೊರೆ ಬೆಳ್ಳಗೇ ಇರುವಾಗ ಕೆಳಗಿನ ಅಂಚಿನಿಂದ ಕಂದು ಹನಿಗಳು ತೊಟ್ಟಿಕ್ಕತೊಡಗುತ್ತವೆ. ಸೋಪಿನ ನೀರು ಕೊಳೆಯ ಮೂಲಕ ಇಳಿದು ಬರುತ್ತಿದೆ ಎಂದರ್ಥ.

ಈ ನೆನೆಸುವಿಕೆ ಏಕೆ ಬೇಕೆಂದು ತಿಳಿಯಲು ಧೂಳನ್ನು ನೋಡಬೇಕು. ನಮ್ಮ ಕೆಂಪು ಮಣ್ಣಿನ ಬಣ್ಣ ಕಬ್ಬಿಣದ ಆಕ್ಸೈಡಿನದು, ಅಂಟು ಜೇಡಿಯದು, ಆದರೆ ಗೀರುವುದು ಅದರಲ್ಲಿರುವ ಬೆಣಚುಕಲ್ಲಿನ ಕಣ. ಮೋಸ್ ಗಡಸುತನದ ಅಳತೆಯಲ್ಲಿ ಬೆಣಚುಕಲ್ಲಿಗೆ 7 ಅಂಕ. ಉಕ್ಕಿನ ಚಾಕುವಿಗೆ ಐದೂವರೆ. ಕಾರಿನ ಬಣ್ಣದ ಮೇಲಿರುವ ಕ್ಲಿಯರ್ ಕೋಟ್ ಇವೆರಡಕ್ಕಿಂತ ಬಹಳ ಮೆದುವಾದ ಪ್ಲಾಸ್ಟಿಕ್ ಪದರ. ದಪ್ಪ ಸುಮಾರು 40ರಿಂದ 50 ಮೈಕ್ರಾನ್, ಅಂದರೆ ಒಂದು ತಲೆಗೂದಲಿಗಿಂತ ತೆಳು. ಬೆಳಿಗ್ಗೆ ಒಣಬಟ್ಟೆಯಿಂದ ಕಾರು ಒರೆಸುವ ಅಭ್ಯಾಸ ನಮ್ಮಲ್ಲಿ ವ್ಯಾಪಕ. ಕಾರಿಗೆ ಅದಕ್ಕಿಂತ ಕೆಟ್ಟದ್ದನ್ನು ನಾನು ಯೋಚಿಸಲಾರೆ: ಬಟ್ಟೆಯಡಿ ಸಿಕ್ಕ ಪ್ರತಿ ಬೆಣಚು ಕಣವೂ ಒಂದು ಉಳಿ.

ಹಾಗೆ ಬಿದ್ದ ಗೀರುಗಳನ್ನು ನೋಡಬೇಕಾದರೆ ಕಪ್ಪು ಅಥವಾ ಕಡುನೀಲಿ ಕಾರಿನ ಬಾನೆಟ್ಟಿನ ಮೇಲೆ ಸೂರ್ಯನ ಪ್ರತಿಬಿಂಬವನ್ನು ಹುಡುಕಿ. ಅದರ ಸುತ್ತ ವೃತ್ತವೃತ್ತವಾಗಿ ಎಳೆಗಳು ಹೊಳೆಯುತ್ತವೆ. ಒರೆಸಿದವರು ಸುತ್ತುಸುತ್ತಾಗಿ ಕೈಯಾಡಿಸಿದ್ದರಿಂದ ಹೀಗಾಯಿತೆಂದು ಎಲ್ಲರೂ ಭಾವಿಸುತ್ತಾರೆ. ನಿಮ್ಮ ತಲೆಯನ್ನು ಪಕ್ಕಕ್ಕೆ ಸರಿಸಿ. ವೃತ್ತಗಳೂ ಸೂರ್ಯನ ಪ್ರತಿಬಿಂಬದೊಡನೆ ಸರಿಯುತ್ತವೆ. ಅಂದರೆ ಆ ವೃತ್ತಾಕಾರ ಗೀರುಗಳದ್ದಲ್ಲ; ಗೀರುಗಳು ಎಲ್ಲ ದಿಕ್ಕಿಗೂ ಇವೆ. ಪ್ರತಿಬಿಂಬದ ಸುತ್ತ ಅಡ್ಡಲಾಗಿ ಬಿದ್ದವು ಮಾತ್ರ ಬೆಳಕನ್ನು ನಮ್ಮ ಕಣ್ಣಿಗೆ ತಿರುಗಿಸುತ್ತವೆ, ಉಳಿದವು ಕಾಣುವುದಿಲ್ಲ. ಅಂದರೆ ಕಾಣುವ ಗೀರುಗಳಿಗಿಂತ ಕಾಣದವು ಹೆಚ್ಚು.

ಜೋರಾಗಿ ನೀರು ಹಾಯಿಸಿದರೆ ಧೂಳು ಹೋಗುವುದಿಲ್ಲವೇ? ದಪ್ಪ ಮರಳು, ಸಡಿಲ ಮಣ್ಣು ಹೋಗುತ್ತವೆ. ಸಣ್ಣ ಕಣಗಳು ಹೋಗುವುದಿಲ್ಲ. ಹರಿಯುವ ನೀರು ಎಷ್ಟೇ ವೇಗದ್ದಾದರೂ ಮೇಲ್ಮೈಗೆ ತಾಗಿದ ಪದರ ಬಹುತೇಕ ನಿಂತೇ ಇರುತ್ತದೆ. ದಿನವಿಡೀ ತಿರುಗುವ ಫ್ಯಾನಿನ ರೆಕ್ಕೆಗಳ ಮೇಲೆ ಧೂಳು ಕೂರುವುದೂ ಇದೇ ಕಾರಣಕ್ಕೆ. ಹಾಗಾಗಿ ಸಣ್ಣ ಕೊಳೆಯನ್ನು ಕೊನೆಗೆ ಕೈಯಿಂದಲೇ ಮುಟ್ಟಿ ತೆಗೆಯಬೇಕು. ಮುಟ್ಟದೆಯೇ ಕಾರು ತೊಳೆಯುತ್ತೇವೆ ಎನ್ನುವ ಶಾಂಪೂಗಳ ಮಾತನ್ನು ನಾನು ಒಪ್ಪುವುದಿಲ್ಲ. ಮುಟ್ಟುವ ಮೊದಲು ಎಷ್ಟು ಬೆಣಚು ಕಣಗಳನ್ನು ಇಳಿಸಿಬಿಟ್ಟೆವು, ಉಳಿದವುಗಳ ಸುತ್ತ ಎಷ್ಟು ಜಾರುವ ಸೋಪಿನ ನೀರಿದೆ, ಲೆಕ್ಕ ಇಷ್ಟೇ.

ತೆಳು ನೊರೆಯಿಂದಲೂ ಇದು ಸಾಧ್ಯ, ಒಂದು ಬದಲಿಗೆ ಎರಡು ಸಲ ಹಾಕಬೇಕಾದೀತು. ಕಾರು ನೆರಳಿನಲ್ಲಿರಲಿ, ಬಾನೆಟ್ ತಣ್ಣಗಿರಲಿ. ನೊರೆ ಹಾಕಿ ಮೂರು ನಾಲ್ಕು ನಿಮಿಷ ಬಿಟ್ಟು, ಒಣಗುವ ಮೊದಲೇ ತೊಳೆಯಿರಿ. ಆಮೇಲೆ ಎರಡು ಬಕೆಟ್: ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರಿಯ ನೀರು. ಮೈಕ್ರೋಫೈಬರ್ ಬಟ್ಟೆಯನ್ನು ಮೇಲಿನಿಂದ ಕೆಳಕ್ಕೆ ಹಗುರವಾಗಿ ಎಳೆದು, ಪ್ರತಿ ಸಲವೂ ಬರಿಯ ನೀರಿನಲ್ಲಿ ಜಾಲಿಸಿದ ಮೇಲೆಯೇ ಶಾಂಪೂವಿಗೆ ಅದ್ದಿ. ಪಾತ್ರೆ ತೊಳೆಯುವ ದ್ರವ ಬೇಡ; ಜಿಡ್ಡಿನೊಂದಿಗೆ ಅದು ಮೇಣವನ್ನೂ ತೆಗೆಯುತ್ತದೆ. ಟ್ಯಾಂಕಿನ ನೀರು ತೀರಾ ನಿಧಾನವಾಗಿದ್ದರೆ ಪೈಪಿನ ಗನ್ನಿಗಿಂತ ಕೈಯಿಂದ ಗಾಳಿ ಒತ್ತುವ ಪಂಪಿನ ನೊರೆ ಬಾಟಲಿ ಮೇಲು. ಎರಡು ಲೀಟರಿನ ಬಾಟಲಿ ಸಾಕು, ಪೈಪಿನ ಹಂಗಿಲ್ಲ, ನೊರೆಯೂ ದಪ್ಪ.

ಪೈಪಿನ ಗನ್ನನ್ನೇ ಬಳಸುವವರು ಇನ್ನೊಂದನ್ನು ಗಮನಿಸಬೇಕು. ಅದೇ ಕೊಳವೆಯಿಂದ ನೀರು ಪಡೆಯುವ ತಗ್ಗಿನ ನಲ್ಲಿಯೊಂದನ್ನು ತೆರೆದಾಗಲೋ ಟ್ಯಾಂಕ್ ಖಾಲಿಯಾದಾಗಲೋ ಕೊಳವೆಯಲ್ಲಿ ಒತ್ತಡ ಇಳಿದು ಪೈಪಿನ ನೀರು ಹಿಂದಕ್ಕೆ ಹರಿಯಬಹುದು. ಆಗ ಬಾಟಲಿಯ ಶಾಂಪೂ ಮನೆಯ ನೀರಿಗೆ ಸೇರುತ್ತದೆ. ಅಂಗಳದ ನಲ್ಲಿಗೆ ನೀರನ್ನು ಒಂದೇ ದಿಕ್ಕಿಗೆ ಬಿಡುವ ಒಂದು ನಾನ್ ರಿಟರ್ನ್ ವಾಲ್ವ್ ಹಾಕಿಸುವುದು ದೊಡ್ಡ ಖರ್ಚಲ್ಲ.

ನೀರಿನ ಲೆಕ್ಕಕ್ಕೆ ಬಂದರೆ ನೊರೆ ನಮ್ಮ ಪರ. ಸಾಮಾನ್ಯ ಪೈಪು ನಿಮಿಷಕ್ಕೆ ಹತ್ತು ಹದಿನೈದು ಲೀಟರ್ ಸುರಿಯುತ್ತದೆ. ಹತ್ತು ನಿಮಿಷ ಬಿಟ್ಟರೆ ನೂರು ಲೀಟರ್ ಮೀರಿತು. ನೊರೆಯಲ್ಲಿ ಹೆಚ್ಚಿನದು ಗಾಳಿ. ಮೊದಲ ನೆನೆಸುವಿಕೆಯನ್ನು ಪಂಪಿನ ಬಾಟಲಿಗೆ ವಹಿಸಿ, ಉಳಿದದ್ದನ್ನು ಬಕೆಟ್ಟಿನಿಂದ ಮಾಡಿದರೆ ಇಡೀ ಕಾರಿಗೆ ಮೂರು ಬಕೆಟ್ ಸಾಕಾಗುತ್ತದೆ. ಬೆಂಗಳೂರಿಗೆ ಕಾವೇರಿ ನೀರು ಬರುವುದು ಸುಮಾರು ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪಾಗಿ. 2024ರ ಮಾರ್ಚ್‌ನಲ್ಲಿ ನೀರಿನ ಬವಣೆ ಬಿಗಡಾಯಿಸಿದಾಗ ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ನಿಗದಿ ಮಾಡಿತ್ತು. ನನ್ನ ಮಟ್ಟಿಗೆ ಅದು ನ್ಯಾಯವಾದ ಆದೇಶ.

ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂಬುದೂ ಮುಖ್ಯ. ಬಚ್ಚಲ ನೀರು ಒಳಚರಂಡಿಗೆ ಹೋಗುತ್ತದೆ; ಬೀದಿಯಲ್ಲಿ ತೊಳೆದದ್ದು ಮಳೆನೀರಿನ ಚರಂಡಿ, ರಾಜಕಾಲುವೆಗಳ ದಾರಿಯಲ್ಲಿ ಶುದ್ಧೀಕರಣವಿಲ್ಲದೆ ಕೆರೆ ಸೇರುತ್ತದೆ. ಸೋಪಿನ ಅಣು ಮೀನಿನ ಕಿವಿರಿಗೆ ಹಾನಿಮಾಡುತ್ತದೆ. 1950ರ ದಶಕದಲ್ಲಿ ಯೂರೋಪು, ಅಮೆರಿಕಗಳ ನದಿಗಳಲ್ಲಿ ನೊರೆಯ ಗುಡ್ಡೆಗಳು ಎದ್ದಿದ್ದವು, ಏಕೆಂದರೆ ಆಗಿನ ಡಿಟರ್ಜೆಂಟ್ ಅಣುಗಳ ಬಾಲ ಕವಲೊಡೆದಿತ್ತು, ಬ್ಯಾಕ್ಟೀರಿಯಗಳಿಗೆ ಅದು ಸುಲಭವಾಗಿ ಜೀರ್ಣವಾಗುತ್ತಿರಲಿಲ್ಲ. 1960ರ ದಶಕದಲ್ಲಿ ನೇರ ಬಾಲದ ಅಣುಗಳು ಬಂದ ಮೇಲೆ ಆ ನದಿಗಳ ನೊರೆ ಇಳಿಯಿತು. ಆದರೆ ಬ್ಯಾಕ್ಟೀರಿಯಗಳಿಗೂ ಆಮ್ಲಜನಕ ಬೇಕು, ಸಮಯ ಬೇಕು. ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳಿಗೆ ಹರಿದ ಕೊಳಚೆಯ ಪ್ರಮಾಣಕ್ಕೆ ಆಮ್ಲಜನಕವೂ ಸಮಯವೂ ಸಾಲಲಿಲ್ಲ. ಕೋಡಿಯಲ್ಲಿ ನೀರು ಧುಮುಕುವಾಗ ಗಾಳಿ ಬೆರೆತು ಏಳುತ್ತಿದ್ದ ನೊರೆ ರಸ್ತೆಗೇ ಬಂದದ್ದನ್ನು ನಾವೆಲ್ಲ ನೋಡಿದ್ದೇವೆ. ಅಲ್ಲಿ ಮುಖ್ಯ ಅಪರಾಧಿ ಕಾರು ತೊಳೆಯುವವರಲ್ಲ, ನಗರದ ಕೊಳಚೆ. ಆದರೂ ನಮ್ಮ ಒಂದು ಬಕೆಟ್ಟನ್ನು ಅದಕ್ಕೆ ಸೇರಿಸಬೇಕಿಲ್ಲ.

ಇನ್ನು ಕೊನೆಯ ಜಾಲಿಸುವಿಕೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳಿರುತ್ತವೆ. ಹನಿ ಆರಿದಾಗ ನೀರು ಮಾತ್ರ ಹೋಗುತ್ತದೆ, ಲವಣ ಬಿಳಿ ಉಂಗುರವಾಗಿ ಉಳಿಯುತ್ತದೆ, ಬಿಸಿಲಲ್ಲಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮಳೆನೀರಿನಲ್ಲಿ ಆ ಲವಣಗಳು ಇಲ್ಲವೇ ಇಲ್ಲ ಎನ್ನಬಹುದು. ಬೆಂಗಳೂರಿನಲ್ಲಿ ದೊಡ್ಡ ನಿವೇಶನಗಳ ಮನೆಗಳಿಗೆ ಮಳೆನೀರು ಸಂಗ್ರಹ 2009ರಿಂದಲೇ ಕಡ್ಡಾಯ. ತಾರಸಿಯ ಮೊದಲ ಮಳೆಯ ಕೊಳೆಯನ್ನು ಹೊರಬಿಟ್ಟು, ಸೋಸಿ ತುಂಬಿಸಿದ ಡ್ರಮ್ಮಿನಿಂದ ಒಂದು ಬಕೆಟ್ ತೆಗೆದು ಕಾರಿನ ಛಾವಣಿಯಿಂದ ನಿಧಾನವಾಗಿ ಸುರಿಯಿರಿ. ನೀರು ಹಾಳೆಯಾಗಿ ಜಾರಿಹೋಗುತ್ತದೆ, ಒರೆಸಲು ಉಳಿಯುವುದು ಕೆಲವೇ ಹನಿಗಳು.